ಸದ್ದು ಮಾಡುವ ಎಸ್ಸೆಸ್ಡಿ

ಅಂಗಡಿಯ ಕಟ್ಟೆ ಹತ್ತಿ, "ಸದ್ದು ಮಾಡೋ ಎಸ್ಸೆಸ್ಡಿ ಐತೇನಪ್ಪ?" ಎಂದು ಕೇಳಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ ಒಬ್ಬ ಇದ್ದಾನೆ. ಆತ ನನ್ನ ಸೋದರಮಾವ ಎಂಬುದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ನಿಮಗೂ ಅನುಕೂಲ!

ತಿಳಿಯದವರಿಗೆ ಒಂದು ಮಾತು. ಕಂಪ್ಯೂಟರಿನ ನೆನಪೆಲ್ಲ ಹಿಂದೆ ಹಾರ್ಡ್ ಡಿಸ್ಕ್ ಎಂಬ ಡಬ್ಬಿಯಲ್ಲಿರುತ್ತಿತ್ತು. ಅದರೊಳಗೆ ತಟ್ಟೆಯೊಂದು ಗಿರಗಿರ ತಿರುಗುತ್ತ, ಆಗಾಗ ಕಟಕಟ ಎನ್ನುತ್ತ ಕೆಲಸ ಮಾಡುತ್ತಿತ್ತು. ಈಗ ಅದರ ಜಾಗಕ್ಕೆ ಎಸ್ಸೆಸ್ಡಿ ಬಂದಿದೆ. ತಿರುಗುವುದಿಲ್ಲ, ಅಲುಗುವುದಿಲ್ಲ, ಕೆಮ್ಮುವುದೂ ಇಲ್ಲ. ಸದ್ದಿಲ್ಲದಿರುವುದೇ ಅದರ ಹೆಚ್ಚುಗಾರಿಕೆ. ಅಂಥದ್ದರಲ್ಲಿ ಸದ್ದು ಮಾಡುವುದೇ ಬೇಕೆಂದರೆ, ಸಂತೆಯಲ್ಲಿ ಬೊಗಳುವ ಬೆಕ್ಕು ಕೇಳಿದ ಹಾಗಲ್ಲವೇ?

ಮಾವನದು ಮೊಳಕಾಲ್ಮೂರು. ರೇಷ್ಮೆ ಸೀರೆಯ ನೇಕಾರರ ಮನೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ಅಲ್ಲಿ ಇಳಿದರೆ, ಮಾವನ ಮನೆಯನ್ನು ಕಣ್ಣು ಮುಚ್ಚಿಕೊಂಡು ಹುಡುಕಬಹುದಿತ್ತು. ಬೀದಿಯುದ್ದಕ್ಕೂ ಮಗ್ಗದ ಸದ್ದು. ಒಂದೊಂದು ಮಗ್ಗಕ್ಕೆ ಒಂದೊಂದು ದನಿ. ಮಾವನ ಮಗ್ಗದ್ದು ಎರಡು ಗಟ್ಟಿ, ಒಂದು ಮೆತ್ತಗೆ. ಮಧ್ಯಾಹ್ನ ಆ ಲಯಕ್ಕೆ ನನಗೆ ನಿದ್ದೆ ಹತ್ತುತ್ತಿತ್ತು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು! ಗದ್ದಲಕ್ಕೆ ಮಲಗಿ ನಿಶ್ಶಬ್ದಕ್ಕೆ ಏಳುವ ಆ ಸುಖ ಈಗ ಯಾವ ಹಾಸಿಗೆಯಲ್ಲೂ ಸಿಗುವುದಿಲ್ಲ.

ಅತ್ತೆಗಂತೂ ಆ ಸದ್ದೇ ಗಡಿಯಾರ, ಅದೇ ಟಪಾಲು. ಅಡುಗೆಮನೆಯಲ್ಲಿ ಕೂತೇ ಎಲ್ಲ ಓದುತ್ತಿದ್ದಳು. ಮಗ್ಗ ಸರಸರ ಓಡಿದರೆ, "ಸೆರಗು ಮುಗಿಯೋಕೆ ಬಂತು." ತಡವರಿಸಿದರೆ, "ಎಳೆ ತುಂಡಾತು." ಸದ್ದು ನಿಂತರೆ ಒಲೆಯ ಮೇಲೆ ಚಹಾ. ನಿಂತದ್ದು ಮತ್ತೆ ಏಳದಿದ್ದರೆ, "ಏಮೈಂದಿ?" ಎಂದೊಂದು ಕೂಗು. ತೆಲುಗಿನ ಆ 'ಏನಾಯ್ತು?'ಗೆ ಮಾವ ಬಾಯಲ್ಲಿ ಉತ್ತರ ಕೊಟ್ಟದ್ದನ್ನು ನಾನಂತೂ ಕೇಳಿರಲಿಲ್ಲ. ಮಗ್ಗದ ಕಾಲುಮಣೆ ತುಳಿದು ಲಾಳಿ ಎಸೆದು, 'ಕಟಕ್' ಎನ್ನಿಸಿಬಿಡುತ್ತಿದ್ದ. ಅವರ ದಾಂಪತ್ಯದ ಮುಕ್ಕಾಲು ಮಾತುಕತೆಯನ್ನು ಮಗ್ಗವೇ ಆಡಿ ಮುಗಿಸಿತು ಎಂಬುದು ನನ್ನ ಗುಮಾನಿ.

ಬಲಭುಜ ಕೈಕೊಟ್ಟ ಮೇಲೆ ಮಾವ ನೇಯುವುದನ್ನು ಬಿಟ್ಟು, ಸೀರೆಯ ಅಂಚು ಸೆರಗುಗಳ ಚಿತ್ತಾರ ಬರೆಯಲು ಕೂತ. ಮೊದಲು ಚೌಕುಳಿ ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಆದರೆ ನೇಯುವವನು ಕಾಲು ಇಳಿಬಿಟ್ಟು ಕೂರುವ ಗುಂಡಿ ಇರುತ್ತದಲ್ಲ, ಅದನ್ನು ಮುಚ್ಚಲು ಮಾತ್ರ ಒಪ್ಪಲಿಲ್ಲ. "ಕುರ್ಚಿ ಮೇಲೆ ಕುಂತ್ರೆ ನಂಗೆ ನವಿಲು ಬರಲ್ಲ ಕಣ್ಲೇ" ಎಂದ. ಗುಂಡಿಯ ಅಂಚಿಗೆ ತಗ್ಗು ಹಲಗೆ ಹಾಕಿ, ಅದರ ಮೇಲೆ ಕಂಪ್ಯೂಟರ್ ಇಟ್ಟು, ಕಾಲನ್ನು ಗುಂಡಿಗೆ ಬಿಟ್ಟು ಕೂತುಬಿಟ್ಟ! ರಿಪೇರಿಗೆ ಬಂದವನು ಮೊದಲ ಸಲ ಗೊತ್ತಿಲ್ಲದೆ ಗುಂಡಿಗೆ ಬಿದ್ದ. ಎರಡನೇ ಸಲ ಗುಂಡಿ ಎಲ್ಲಿದೆ ಎಂದು ಕೇಳಿಕೊಂಡು ಬಿದ್ದ.

ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಮಹಾ ವಾಚಾಳಿ. ಮಾವ ಒಂದು ಗರಿ ಎಳೆದರೆ 'ಕಟಕಟ', ಅಳಿಸಿದರೆ 'ಕುರ್ ಕುರ್'. ಅತ್ತೆಗೆ ಸಮಾಧಾನವಾಯಿತು. "ಇದೂ ಮಗ್ಗದ ಜಾತಿನೇ ಬಿಡು" ಎಂದಳು. ಅಷ್ಟು ಹೊತ್ತಿಗೆ ಅವಳ ಕಣ್ಣು ಮಂಜಾಗುತ್ತ ಬಂದು, ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯದಂತಾಗಿತ್ತು. ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದಿದ್ದರು. ಆದರೆ ಕಿವಿ! ಹಾಲು ಪಾತ್ರೆಗೆ ಬೀಳುವ ಸದ್ದಿನಲ್ಲೇ ಅದರಲ್ಲಿರುವ ನೀರನ್ನು ಹಿಡಿಯುತ್ತಿದ್ದಳು. ಪಾಪ, ಹಾಲಿನವನು ಕಳ್ಳ ಹೆಜ್ಜೆಯಂತೆ ಕಳ್ಳ ಧಾರೆಯನ್ನೂ ಅಭ್ಯಾಸ ಮಾಡಿಕೊಂಡಿದ್ದ.

ಹೋದ ವರ್ಷ ಆ ಡಿಸ್ಕಿಗೆ ಕಾಯಿಲೆ ಬಂತು. ಮಾವ ನನಗೆ ಫೋನು ಹಚ್ಚಿದ. ನಾನು ಚಳ್ಳಕೆರೆಯಲ್ಲಿ ಮೇಷ್ಟರು. ಎಂದೋ ಒಂದು ಮದುವೆಯ ಕರೆಯೋಲೆ ಟೈಪು ಮಾಡಿದ ತಪ್ಪಿಗೆ, ಕಂಪ್ಯೂಟರ್ ಬಲ್ಲವನು ಎಂಬ ಅಪವಾದ ನಮ್ಮ ವಂಶದಲ್ಲಿ ನನ್ನ ತಲೆಗೆ ಬಿದ್ದಿದೆ.

"ಲೇ ಅಳಿಯ, ಇದು ಬಿಕ್ಕಳಿಸ್ತೈತೆ. ಒಳಗೆ ನನ್ನ ಅಷ್ಟೂ ನವಿಲು, ಹಂಸ, ಮಾವಿನಕಾಯಿ, ರುದ್ರಾಕ್ಷಿ ಅಂಚು ಅದಾವೆ. ಇದು ಕಣ್ಣು ಮುಚ್ಚೋಕ್ಮುಂಚೆ ಹೊಸಾ ಕಂಪ್ಯೂಟರ್ ಕಟ್ಟಿಸ್ಬೇಕು."

"ಬೇರೆ ಕಡೆ ಒಂದು ನಕಲು ಇಟ್ಟಿಲ್ವಾ ಮಾವ?"

"ಒಂದೇ ಸೀರೆನ ಯಾರಾದ್ರೂ ಎರಡು ಸಲ ನೇಯ್ತಾರೇನ್ಲೇ?"

ಅಂದರೆ ಮನುಷ್ಯನ ಜೀವಮಾನದ ಬರವಣಿಗೆಯೆಲ್ಲ ಆ ಬಿಕ್ಕಳಿಸುವ ಡಬ್ಬಿಯಲ್ಲೇ! ನಾಳೆಯೇ ಹೊರಟು ಬಾ ಎಂದೆ.

ಚಳ್ಳಕೆರೆ ಪೇಟೆಯಲ್ಲಿ ನಮ್ಮ ಸ್ನೇಹಿತ ಭಾಯ್ ಒಬ್ಬನ ಕಂಪ್ಯೂಟರ್ ಅಂಗಡಿ ಇದೆ. ಬಿಡಿ ಭಾಗ ತಂದು ಜೋಡಿಸಿ ಕೊಡುತ್ತಾನೆ. ಮಾವನನ್ನು ಅಲ್ಲಿಗೆ ಕರೆದೊಯ್ದೆ. ಉಳಿದ ಭಾಗಗಳನ್ನೆಲ್ಲ ಮಾವ ಚಹಾ ಆರುವುದರೊಳಗೆ ಒಪ್ಪಿಕೊಂಡ. ಗಾಡಿ ಸಿಕ್ಕಿಕೊಂಡದ್ದು ಎಸ್ಸೆಸ್ಡಿಯಲ್ಲಿ. ಭಾಯ್ ಬಬಲ್‌ಗಮ್ ಪಟ್ಟಿಯಷ್ಟಿದ್ದ ಒಂದನ್ನು ಮಾವನ ಅಂಗೈ ಮೇಲಿಟ್ಟ. ಮಾವ ರೇಷ್ಮೆ ಲಡಿ ತೂಗುವ ಹಾಗೆ ಅಂಗೈಯನ್ನು ಮೇಲೆ ಕೆಳಗೆ ಆಡಿಸಿದ.

"ತೂಕನೇ ಇಲ್ಲ."

ಮೂಸಿ ನೋಡಿದ. ಸೀರೆಯ ಹಿಂಬದಿ ನೋಡುವಂತೆ ತಿರುಗಿಸಿ ನೋಡಿದ. "ಹಿಂದೆ ಬರೀ ಬೋಳು. ರೇಷ್ಮೆ ಎಳೆ ಸುಟ್ಟು ನೋಡ್ದಂಗೆ ಒಂದು ಮೂಲೆ ಸುಟ್ಟು ನೋಡ್ಲೇನಪ್ಪ? ಕೂದಲು ಸುಟ್ಟ ವಾಸನೆ ಬಂದ್ರೆ ಅಸಲಿ."

"ಅರೆ ಚಾಚಾ! ಸುಟ್ರೆ ಅಂಗಡಿನೇ ವಾಸನೆ ಬರ್ತದೆ!" ಭಾಯ್ ಅದನ್ನು ಕಸಿದುಕೊಂಡ. "ಇದು ಬಹಳ ಜಲ್ದಿ ಐತೆ. ರೆಪ್ಪೆ ಹೊಡೆಯೋದ್ರಾಗೆ ಫೈಲು ತೆಗೀತದೆ."

"ನಾನು ಒಂದು ಗರಿ ಬರೆಯೋಕೆ ಬೆಳಗ್ಗೆಯೆಲ್ಲ ಕೂರ್ತೀನಿ. ಇದು ಮೊದ್ಲೇ ಹೋಗಿ ಅಲ್ಲಿ ಏನ್ ಮಾಡ್ತದೆ? ಅದಿರ್ಲಿ, ಸದ್ದು ಹೆಂಗೆ?"

"ಸದ್ದೇ ಇಲ್ಲ ಚಾಚಾ! ಒಂದು ಚೂರೂ ಇಲ್ಲ!" ಭಾಯ್ ಎದೆಯುಬ್ಬಿಸಿದ.

ಮಾವನ ಮುಖ ಇಳಿದುಹೋಯಿತು. ಆ ಐತಿಹಾಸಿಕ ಪ್ರಶ್ನೆ ಹುಟ್ಟಿದ್ದು ಆಗ. ನಾನು ನಾಚಿಕೆಯಿಂದ ಗೋಡೆಯ ಕ್ಯಾಲೆಂಡರಿನ ಹಬ್ಬಗಳನ್ನು ಓದತೊಡಗಿದೆ. ಭಾಯ್ ಮಾತ್ರ ಪಟ್ಟು ಬಿಡಲಿಲ್ಲ. "ಸದ್ದು ಬೇಕಂದ್ರೆ ಒಳಗೆ ಫ್ಯಾನ್ ಐತಲ್ಲ, ಗೊರ್ ಅಂತದೆ."

"ಅದು ನಾನು ಎದ್ದು ಹೋದ್ರೂ ಗೊರ್ ಅಂತಾನೇ ಇರ್ತದೆ. ನಾನು ಕೆಲ್ಸ ಮಾಡಿದ್ರೆ ಸದ್ದಾಗ್ಬೇಕು, ಬಿಟ್ರೆ ನಿಲ್ಬೇಕು. ಅಂಥಾದ್ದು ತರ್ಸು, ಬರ್ತೀನಿ" ಎಂದು ಮಾವ ಚಪ್ಪಲಿ ಮೆಟ್ಟಿದ. ಪೇಟೆಯ ಉಳಿದ ಅಂಗಡಿಗಳಲ್ಲೂ ಇದೇ ಪ್ರಶ್ನೆ, ಇದೇ ನಗು. ಬರಿಗೈಲಿ ಬಸ್ಸು ಹತ್ತಿಸಿದೆ.

ಹತ್ತುವಾಗ ನಾನೊಂದು ಎಡವಟ್ಟು ಮಾಡಿದೆ. ಎಸ್ಸೆಸ್ಡಿಗೂ ಒಂದು ಆಯುಸ್ಸಿದೆ, ಬರೆದಷ್ಟೂ ಸವೆಯುತ್ತದೆ, ಆದರೂ ನಿನ್ನ ಕಾಲಕ್ಕೆ ಧಾರಾಳ ಸಾಕು ಎಂದೆ. ಮಾವನ ಕಿವಿಗೆ ಬಿದ್ದದ್ದು 'ಸವೆಯುತ್ತದೆ' ಮಾತ್ರ. ಹೊಸದೇ ಸವೆಯುವುದಾದರೆ ಕಾಯಿಲೆಯ ಹಳೆಯದು ಇನ್ನೆಷ್ಟು ಸವೆದಿರಬೇಡ ಎಂದು, ಊರಿಗೆ ಹೋದವನೇ ಬರೆದದ್ದನ್ನು ಉಳಿಸುವ ಸೇವ್ ಬಟನ್ ಒತ್ತುವುದನ್ನೇ ನಿಲ್ಲಿಸಿದ! ಎಂಥ ಮಿತವ್ಯಯ ನೋಡಿ. ಒಂದು ದಿನ ಕರೆಂಟು ಹೋಯಿತು. ಬಂದಾಗ ನವಿಲಿತ್ತು, ಬಾಲವಿರಲಿಲ್ಲ.

ಅತ್ತೆ ಒಳಗಿನಿಂದಲೇ ಸಮಾಧಾನ ಹೇಳಿದಳಂತೆ. "ಹೋಗ್ಲಿ ಬಿಡ್ರಿ, ಕೋಳಿ ಅಂತ ಮಾರ್ರಿ."

ಮರುದಿನ ಡಿಸ್ಕ್ ಏಳಲೇ ಇಲ್ಲ. ತಟ್ಟಿ, ತಡವಿ, ದೇವರಿಗೆ ಕೈಮುಗಿದ ಮೇಲೆ ಎದ್ದಿತು. ಆಗ ಮಾವನಿಗೆ ಭಯವಾಯಿತು. ಅತ್ತೆಯ ಹಳೇ ಸೀರೆಯ ತುಂಡಿನಲ್ಲಿ ಡಿಸ್ಕನ್ನು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ಬಂದ. ಬಸ್ಸು ಕುಲುಕಿದಾಗೆಲ್ಲ ಎತ್ತಿ ಹಿಡಿಯುತ್ತಿದ್ದನಂತೆ. "ಏನಜ್ಜಾರೆ, ಕೂಸಾ?" ಎಂದ ಕಂಡಕ್ಟರನಿಗೆ, "ಹೂನಪ್ಪ, ಜ್ವರ ಬಂದೈತೆ" ಎಂದನಂತೆ.

ಭಾಯ್ ಈ ಸಲ ಜಾಣನಾಗಿದ್ದ. ಹಳೆಯದನ್ನೂ ಹೊಸದನ್ನೂ ತಂತಿಯಲ್ಲಿ ಜೋಡಿಸಿ, ಇದರಲ್ಲಿರುವುದನ್ನೆಲ್ಲ ಅದು ಎಳೆದುಕೊಳ್ಳುತ್ತದೆ ಎಂದ. ಮಾವನ ಕಣ್ಣರಳಿತು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸುವಾಗ ನೇಕಾರರು ಹಳೆಯದರ ತುದಿಗೆ ಹೊಸದನ್ನು ಒಂದೊಂದೇ ಎಳೆ ಗಂಟು ಹಾಕಿ ಎಳೆದುಕೊಳ್ಳುತ್ತಾರೆ. ಹಳೆಯದು ಪೂರ್ತಿ ಕಳಚಿಬಿದ್ದರೆ ಆ ಗಂಟಿಗೆ ಎಡೆಯಿಲ್ಲ.

"ಗಂಟು ಹಾಕೋದು ಅಂತ ಮೊದ್ಲೇ ಹೇಳ್ಬಾರ್ದೇನೋ ಭಾಯ್! ಇಷ್ಟು ದಿನ ಸುಮ್ನೆ ಓಡಾಡಿಸ್ದೆ!"

ಯಾರು ಯಾರನ್ನು ಓಡಾಡಿಸಿದರೋ ಆ ಅಲ್ಲಾನೇ ಬಲ್ಲ ಎಂಬಂತೆ ಭಾಯ್ ಮೇಲೆ ನೋಡಿದ.

ಹಳೇ ಡಿಸ್ಕಿನ ಮೇಲೆ ಕೈಯಿಟ್ಟುಕೊಂಡು ಮಾವ ಕೂತೇ ಇದ್ದ. ಊಟಕ್ಕೂ ಏಳಲಿಲ್ಲ. ಅದು ಬಿಕ್ಕಳಿಸಿದಾಗ ಮೂವರೂ ಉಸಿರು ಹಿಡಿದೆವು. ಸಂಜೆ ಹೊತ್ತಿಗೆ ಎಲ್ಲ ಈ ಕಡೆ ಬಂತು. ನವಿಲುಗಳು, ಹಂಸಗಳು, ಆ ಕೋಳಿ ಕೂಡ. ಕೊನೆಗೊಮ್ಮೆ 'ಕಟಕ್' ಎಂದು ಹಳೆಯದು ನಿಂತಿತು. "ಇನ್ನು ಏಳಲ್ಲ ಚಾಚಾ" ಎಂದ ಭಾಯ್. ಮಾವ ಅದನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ.

ಹೊಸ ಕಂಪ್ಯೂಟರನ್ನು ಮೊಳಕಾಲ್ಮೂರಿನಲ್ಲಿ ಹೂಡಿದ ದಿನ ನಾನೂ ಇದ್ದೆ. ಮಾವ ಗುಂಡಿಗೆ ಕಾಲು ಬಿಟ್ಟು ಬರೆಯತೊಡಗಿದ. ಮನೆ ಗಪ್ಪೆಂದಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, "ಏಮೈಂದಿ?"

"ಏನಿಲ್ಲ, ಬರೀತಿದೀನಿ."

ಜೀವಮಾನದಲ್ಲಿ ಮೊದಲ ಸಲ ಮಾವ ಬಾಯಲ್ಲಿ ಉತ್ತರ ಕೊಟ್ಟಿದ್ದ! ಮತ್ತೆ ಸ್ವಲ್ಪ ಹೊತ್ತಿಗೆ, "ಏಮೈಂದಿ?" ಮತ್ತೆ ಉತ್ತರ. ಆಮೇಲೆ ಬರೆಯುವುದರಲ್ಲಿ ಮುಳುಗಿದ ಮಾವನಿಗೆ ಕೇಳಿಸಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಬಂದಳು, ಮಾವನ ಭುಜ ಮುಟ್ಟಿ ನೋಡಿದಳು, ಗೋಡೆ ಹಿಡಿದುಕೊಂಡೇ ವಾಪಸು ಹೋದಳು. ಪೇಟೆಯುದ್ದಕ್ಕೂ ನನಗೆ ನಾಚಿಕೆ ತಂದಿದ್ದ ಆ ಪ್ರಶ್ನೆ ಯಾಕೆ ಹುಟ್ಟಿತ್ತೆಂದು ಈ ಮೇಷ್ಟರಿಗೆ ಆಗ ತಿಳಿಯಿತು.

ತಿಂಗಳ ಮೇಲೆ ಹೋದಾಗ ಬೀದಿಯ ತಿರುವಿನಲ್ಲೇ ನಿಂತೆ. ಎರಡು ಗಟ್ಟಿ, ಒಂದು ಮೆತ್ತಗೆ! ಓಡಿಹೋಗಿ ನೋಡಿದರೆ, ಅಟ್ಟದಲ್ಲಿದ್ದ ಹಳೇ ಮಗ್ಗದ ಕಾಲುಮಣೆಗಳನ್ನು ಮಾವ ಗುಂಡಿಯೊಳಗೆ ಹೂಡಿಕೊಂಡಿದ್ದಾನೆ. ಕೈ ನವಿಲು ಬರೆಯುತ್ತಿದೆ, ಕಾಲು ಸುಮ್ಮನೆ ತುಳಿಯುತ್ತಿದೆ. ನೇಯುವುದಕ್ಕೆ ಒಂದು ಎಳೆಯೂ ಇಲ್ಲ.

"ಏನ್ ಮಾವ ಇದು?"

"ಎಸ್ಸೆಸ್ಡಿ ಸದ್ದು ಮಾಡ್ತಿದೆ ಕಣ್ಲೇ. ಭಾಯ್‌ಗೆ ಹೇಳು."

ಎಲೆ ಅಡಿಕೆ ತರಲು ಮಾವ ಅಂಗಡಿಗೆ ಎದ್ದ. ಹೊಸ ಕಂಪ್ಯೂಟರ್ ಹೇಗೆ ಓಡುತ್ತದೋ ನೋಡೋಣವೆಂದು ನಾನು ಆ ಜಾಗದಲ್ಲಿ ಕೂತು, ಗುಂಡಿಗೆ ಕಾಲು ಬಿಟ್ಟೆ. ನವಿಲು ಬಾಲ ಬಿಚ್ಚಿ ನಿಂತಿತ್ತು.

"ಏಮೈಂದಿ?"

ಬಾಯಿ ತೆರೆದೆ. ಅಷ್ಟರಲ್ಲಿ ಬಲಗಾಲು ತಾನಾಗಿ ಮಣೆಯನ್ನು ಒತ್ತಿತು. ಕಟಕ್.

ಒಳಗೆ ಪಾತ್ರೆಯ ಸದ್ದು ನಿಂತಿತು.

"ನೀನೇನಪ್ಪಾ? ನಿಮ್ಮ ಮಾವಂದು ಎಡಗಾಲು ಮೊದ್ಲು."

"ಹೂಂ ಅತ್ತೆ. ಮಾವ ಅಂಗಡಿಗೆ ಹೋದ, ಈಗ ಬರ್ತಾನೆ."

"ಸರಿ" ಎಂದಳು ಅತ್ತೆ. ಪಾತ್ರೆಗಳು ಮತ್ತೆ ಮಾತಾಡತೊಡಗಿದವು. "ಅವ್ರು ಬರಾಗಂಟ ನೀನೇ ತುಳೀತಿರು."