ಕೈ ಬಿಟ್ಟರೂ ತೆವಳುವ ಚೈನು

ನನಗೆ ಅಂಜಿಕೆ ಕಡಿಮೆ. ಡೊಂಬಿವಲಿಯ ಲೋಕಲ್ ಟ್ರೇನಿನಲ್ಲಿ ಮೂವತ್ತು ವರ್ಷ ನೂಕಾಡಿ ಹತ್ತಿ, ನೂಕಾಡಿ ಇಳಿದವಳು. ಯಜಮಾನರು ತೀರಿಕೊಂಡಾಗಲೂ ಎರಡು ದಿನ ಅತ್ತು ಮೂರನೇ ದಿನ ರೊಟ್ಟಿ ಬಡಿಯಲು ಕೂತೆ. ಆದರೆ ನಮ್ಮ ಚಾಳಿನ ಖೋಲಿಯಲ್ಲಿ ಮಂಚದ ಕೆಳಗೆ ಗೋಣಿಚೀಲ ಹೊದ್ದು ಮಲಗಿರುವ ಒಂದು ವಸ್ತುವಿಗೆ ಮಾತ್ರ ಅಂಜುತ್ತೇನೆ. ಅದು ಮರ ಕೊಯ್ಯುವ ಮಿಷನ್ನು. ಪೆಟ್ರೋಲಿನ ಎಂಜಿನ್ನು, ಅದರ ಮುಂದೆ ಮೊಳದುದ್ದದ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಚೈನು. ಯಜಮಾನರು ಅದನ್ನು ಕಳಂಬೋಲಿಯ ಗುಜರಿಯಲ್ಲಿ ಆರಿಸಿ ತಂದಿದ್ದರು. ತಂದ ದಿನವೇ ಅದು ಮುದಿಯಾಗಿತ್ತು, ಈಗ ನನಗಿಂತ ಮುದಿ.

ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಮಳೆಗಾಲಕ್ಕೆ ಮುಂಚೆ ಮಿಷನ್ನಿನ ತಪಾಸಣೆ ನನ್ನದೇ. ಯಜಮಾನರ ಪಕ್ಕ ಕೂತು ಕಲಿತದ್ದು. ಟೊಂಗೆ ಕಡಿಯುವ ಕೆಲಸಕ್ಕೆ ಹೋಗುವ ನನ್ನ ಮಗ ಬಸು ಮರ ಹತ್ತುವುದರಲ್ಲಿ ಜೋರು, ಸ್ಕ್ರೂ ಬಿಚ್ಚುವುದರಲ್ಲಿ ಮೈಗಳ್ಳ. ಏನು ಕೇಳಿದರೂ "ಚಲ್ತಾ ಹೈ ಅವ್ವಾ" ಅನ್ನುತ್ತಾನೆ. ನಾಲ್ಕು ಮಾಳಿಗೆಯಷ್ಟು ಎತ್ತರದಲ್ಲಿ ಟೊಂಗೆಯ ಮೇಲೆ ನಿಂತು ಹಾಗೆ ಅನ್ನುವವನ ತಾಯಿಗೆ ಹೊಟ್ಟೆಯಲ್ಲಿ ಅನ್ನ ಹೇಗೆ ನಿಲ್ಲಬೇಕು?

ಈ ಸಲ ಠಾಣೆಯ ಒಂದು ಹೌಸಿಂಗ್ ಸೊಸೈಟಿಯ ಗುಲ್‌ಮೊಹರ್ ಮರ. ಟೊಂಗೆಗಳು ಕಾರುಗಳ ಮೇಲೆ ಬಾಗಿದ್ದವು. ಕಡಿಯಲು ಪರವಾನಗಿ ಬಂದಿತ್ತು, ರವಿವಾರ ಬೆಳಿಗ್ಗೆ ಕೆಲಸ. ಶನಿವಾರ ಮಧ್ಯಾಹ್ನ ನಾನು ಗ್ಯಾಲರಿಯಲ್ಲಿ ಹಳೆಯ ಪೇಪರು ಹಾಸಿ ಮಿಷನ್ನು ಬಿಚ್ಚಿದೆ. ದೀಪಾವಳಿಯಿಂದ ಒಳಗೇ ಉಳಿದಿದ್ದ ಪೆಟ್ರೋಲು ಹುಳಿ ನಾರುತ್ತಿತ್ತು, ಅದನ್ನು ಡಬ್ಬಿಗೆ ಸುರಿದೆ. ಪೆಟ್ರೋಲಿನ ಪೈಪು ಬಗ್ಗಿಸಿದರೆ ಬಿರುಕು ಕಂಡಿತು, ಹೊಸದು ಹಾಕಿದೆ. ಪ್ಲಗ್ಗು ತೆಗೆದರೆ ಒಲೆಯ ಮಸಿಯಷ್ಟು ಕಪ್ಪು.

"ಗಾಳಿ ಸಾಲ್ತಿಲ್ಲ ಇದಕ್ಕ," ಎಂದೆ.

"ನಿಮಗ ದಮ್ಮು ಬಂದಾಗ ಡಾಕ್ಟರೂ ಹಂಗ ಅಂದಿದ್ರಲ್ಲ ಅತ್ತಿ," ಎಂದಳು ಸೊಸೆ ಶಾಂತಾ. ಮಿಷನ್ನು ಒತ್ತಿ ಹಿಡಿದುಕೊಂಡಿದ್ದಳು, ಅದಕ್ಕೇ ಸುಮ್ಮನಿದ್ದೆ.

ಗಾಳಿಯ ಜಾಲರಿ ತೆಗೆದೆ. ಕೆಂಪಗೆ ಹೆಪ್ಪುಗಟ್ಟಿತ್ತು. ಕುಂಕುಮ, ಅರಿಶಿನ, ನಾಲ್ಕು ಅಕ್ಕಿಕಾಳು. ಖಂಡೇನವಮಿಗೆ ಆಯುಧಪೂಜೆ ಮಾಡುವವಳು ನಾನೇ. ಮಿಷನ್ನಿಗೆ ಹಣೆ ಎಲ್ಲಿರುತ್ತದೆ ಹೇಳಿ? ಮೇಲೆ ಕಿಂಡಿ ಕಿಂಡಿ ಇರುವ ಜಾಗವೇ ಹಣೆಯಂತೆ ಕಂಡಿತ್ತು. ಎಣ್ಣೆಯಲ್ಲಿ ಕುಂಕುಮ ಕಲಸಿ, ಐದು ಬೆರಳೂ ಕೂಡಿಸಿ, ವರ್ಷವರ್ಷವೂ ಅದರ ಮೂಗಿಗೇ ಬಳಿದಿದ್ದೆ. ಶಾಂತಾ ನೋಡಿದಳು, ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಾಬೂನು ನೀರಲ್ಲಿ ತೊಳೆದು ಬಿಸಿಲಿಗಿಟ್ಟೆ.

ಜಾಲರಿ ಒಣಗಿದ ಮೇಲೆ ಎಣ್ಣೆ ಬೆರೆಸಿದ ಹೊಸ ಪೆಟ್ರೋಲು ತುಂಬಿದೆ. ಬಸು ಚಾಳಿನ ಅಂಗಳದಲ್ಲಿ ಮಿಷನ್ನಿಟ್ಟು, ಹಿಡಿಕೆಯ ಮೇಲೆ ಕಾಲೊತ್ತಿ ಹಗ್ಗ ಎಳೆದ. ಮೂರನೇ ಎಳೆತಕ್ಕೆ ಶುರುವಾಯಿತು. ರೇಸು ಕೊಟ್ಟ, ರೇಸಿನಿಂದ ಕೈ ಬಿಟ್ಟ. ಕೈ ಬಿಟ್ಟರೆ ಚೈನು ನಿಲ್ಲಬೇಕು. ನಿಲ್ಲಲಿಲ್ಲ. ಹುಳದ ಹಾಗೆ ಪಟ್ಟಿಯ ಮೇಲೆ ತೆವಳುತ್ತಲೇ ಇತ್ತು.

ಮರದ ಮೇಲೆ ಇವನು ಒಂದು ಟೊಂಗೆ ಮುಗಿಸಿ, ಮಿಷನ್ನು ತೊಡೆಯ ಹತ್ತಿರ ಇಳಿಸಿಕೊಂಡು ಇನ್ನೊಂದಕ್ಕೆ ಕಾಲು ಚಾಚುತ್ತಾನೆ. ಆಗ ಆ ಹಲ್ಲು ತೆವಳುತ್ತಿದ್ದರೆ?

"ಸ್ವಲ್ಪ ತಿರಗ್ತದ ಅಷ್ಟ ಅವ್ವಾ. ಚಲ್ತಾ ಹೈ."

"ನಿನ್ನ ತೊಡಿಮ್ಯಾಗ ಚಲ್ತಾ ಹೈ ಏನು? ನಾಳೆ ಹೋಗಂಗಿಲ್ಲ ನೀ."

"ಕ್ಲಚ್ಚಿನ ಸ್ಪ್ರಿಂಗ್ ಹೋಗಿರಬೇಕು. ಕಲ್ಯಾಣದ ಅಂಗಡಿ ಇಷ್ಟೊತ್ತಿಗೆ ಮುಚ್ಚಿರತಾರ, ಇನ್ನ ಸೋಮವಾರನ ತೆಗೀತಾರ. ಕೆಲಸ ಬಿಟ್ರ ಮಳಿಗಾಲ ಪೂರ್ತಿ ಯಾರೂ ಕರಿಯಂಗಿಲ್ಲ."

ತೊಳೆಯುವ ಮುಂಚೆ ಇಲ್ಲದ ರೋಗ ತೊಳೆದ ಮೇಲೆ ಬಂದದ್ದು ಹೇಗೆ ಎಂದು ಕೂತು ಯೋಚಿಸಿದೆ. ಯೋಚಿಸುತ್ತಾ ಯೋಚಿಸುತ್ತಾ ನೆನಪಾಯಿತು. ದೀಪಾವಳಿಯಲ್ಲಿ ಮಿಷನ್ನು ಮೇಲಿಂದ ಮೇಲೆ ಬಂದ್ ಬೀಳುತ್ತಿತ್ತು. ಬಸು ಊಟಕ್ಕೆ ಕೂತಾಗ ರೇಸು ಬಿಟ್ಟಾಗ ಎಂಜಿನ್ನು ಎಷ್ಟು ಓಡಬೇಕೆಂದು ಹಿಡಿದಿಡುವ ಪಕ್ಕದ ಸ್ಕ್ರೂವನ್ನು ನಾನೇ ಒಂದೂವರೆ ಸುತ್ತು ಬಿಗಿದಿದ್ದೆ. ಉಸಿರುಕಟ್ಟಿದ ಎಂಜಿನ್ನು ಅದರಿಂದ ಹೇಗೋ ಓಡಿತು. ಈಗ ಮೂಗು ಬಿಚ್ಚಿದೆ, ಸ್ಕ್ರೂ ಮಾತ್ರ ಹಾಗೇ ಇದೆ. ಅದಕ್ಕೇ ಸುಮ್ಮನಿರುವಾಗಲೂ ಎಂಜಿನ್ನಿಗೆ ಚೈನು ಎಳೆಯುವಷ್ಟು ಜೋರು.

ಸ್ಕ್ರೂಡ್ರೈವರ್ ತಂದು, ಮಿಷನ್ನು ಮತ್ತೆ ಶುರು ಮಾಡಿಸಿ, ಅಷ್ಟೇ ಸುತ್ತು ಹಿಂದೆ ತಿರುಗಿಸಿದೆ. ಚೈನು ನಿಂತಿತು. ಎಂಜಿನ್ನು ಸಣ್ಣಗೆ ಗುಟುರು ಹಾಕುತ್ತಾ ಉಳಿಯಿತು. ಹತ್ತು ಸಲ ರೇಸು ಕೊಡಿಸಿ ಕೈ ಬಿಡಿಸಿದೆ. ಹತ್ತು ಸಲವೂ ನಿಂತಿತು.

"ಸ್ಕ್ರೂ ಯಾರು ತಿರುವಿದ್ರು?" ಬಸು ಕೇಳಿದ.

"ನಿಮ್ಮಪ್ಪ," ಎಂದುಬಿಟ್ಟೆ.

ಅವರು ತೀರಿಕೊಂಡು ಆರು ವರ್ಷ. ಖೋಲಿಯ ತೆರೆದ ಬಾಗಿಲಿನಿಂದ ಕಾಣುವ ಗೋಡೆಯ ಮೇಲಿನ ಅವರ ಫೋಟೋ ಕಡೆ ಕತ್ತೆತ್ತಿ, "ಯಾವಾಗ ಬಂದಿದ್ರಂತ?" ಎಂದು ಶಾಂತಾ ಕೇಳಿದಳು.

ರವಿವಾರ ನಾನೂ ಹೋದೆ. ಬೇಡ ಅಂದರು, ಆದರೂ ಹೋದೆ. ಬಸು ಹಗ್ಗ ಕಟ್ಟಿಕೊಂಡು ಹತ್ತಿದ. ಒಂದೊಂದು ಟೊಂಗೆ ಮುಗಿಸಿದಾಗಲೂ ರೇಸಿನಿಂದ ಬೆರಳು ಬಿಟ್ಟು ಮಿಷನ್ನನ್ನು ನನ್ನ ಕಡೆ ಎತ್ತಿ ಹಿಡಿಯುತ್ತಿದ್ದ. ನೋಡು, ನಿಂತಿದೆ ಅಂತ. ನಾನು ಕೆಳಗಿಂದ ತಲೆ ಆಡಿಸಿದ ಮೇಲೆ ಮುಂದಿನ ಟೊಂಗೆ. ಸೊಸೈಟಿಯ ವಾಚ್‌ಮನ್ ನನ್ನನ್ನೇ ನೋಡಿ, "ಆಜಿ, ತುಮ್ಹೀ ಇಂಜಿನಿಯರ್ ಕಾ?" ಎಂದು ಕೇಳಿದ. ಹೌದು, ನಾನೇ ಇಂಜಿನಿಯರ್ ಎಂದೆ. ಬೆಳಗಿನಿಂದ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು.

ಏಳು ಟೊಂಗೆ ಹಾಗೆ ಆದವು. ಎಂಟನೆಯದು ಮುಗಿಸಿ ತೋರಿಸುವುದನ್ನು ಮರೆತ, ನೇರ ಮುಂದಿನದಕ್ಕೆ ಕಾಲು ಚಾಚಿದ. ಪಕ್ಕಕ್ಕೆ ಸರಿಸಿದ್ದ ಕಾರುಗಳ ಆಚೆಯಿಂದ ನಾನು "ಬಸ್ಯಾ!" ಎಂದು ಕಿರುಚಿದೆ. ಗಾಬರಿಬಿದ್ದು ಅವನು ತಿರುಗಿದ, ಕಾಲು ಜಾರಿತು, ಸೊಂಟದ ಹಗ್ಗದಲ್ಲಿ ಜೋತಾಡಿದ. ಮಿಷನ್ನು ಅವನ ತೊಡೆಗೆ ಒರಗಿಕೊಂಡಿತ್ತು. ಚೈನು ಅಲುಗಲಿಲ್ಲ.

ಕೆಳಗಿಳಿದು ಬಂದು ನನ್ನ ಮುಂದೆ ನಿಂತು ಒಂದು ಬಾಟಲಿ ನೀರು ಪೂರ್ತಿ ಕುಡಿದ. "ಮಿಷನ್ ಬರೋಬರ್ ಐತಿ ಅವ್ವಾ," ಎಂದ. "ನಿನ್ನನ್ನ ಯಾರ ಹತ್ರ ತೋರಸಬೇಕು?"