ಪ್ರೆಸ್ಸು ನಿಂತ ಮಧ್ಯಾಹ್ನ

ನನಗೆ ಸದ್ದೆಂದರೆ ಆಗುವುದಿಲ್ಲ. ಮದುವೆಯಲ್ಲಿ ಗಟ್ಟಿಮೇಳ ಎನ್ನುವ ಮೊದಲೇ ಊಟದ ಹಾಲ್‌ಗೆ ಓಡುವವನು ನಾನು. ಇಂಥವನಿಗೆ ನೌಕರಿ ಸಿಕ್ಕಿದ್ದು ಪೀಣ್ಯದಲ್ಲಿ, ಅದೂ ತಗಡು ಕತ್ತರಿಸುವ ಪ್ರೆಸ್ಸಿನ ಗೋಡೆಗೆ ಅಂಟಿಕೊಂಡ ಶೆಡ್ಡಿನಲ್ಲಿ. ಬಾಡಿಗೆ ಕಡಿಮೆಯೆಂದು ನಮ್ಮ ಬಾಸ್ ಅಲ್ಲಿ ಪ್ರಯೋಗಾಲಯ ಮಾಡಿದ್ದರು. ಒಂದು ಬಗೆಯ ಕಪ್ಪು ಹರಳನ್ನು ಗಮ್ ಟೇಪಿನಿಂದ ಪದರ ಪದರವಾಗಿ ಕಿತ್ತು, ಕಣ್ಣಿಗೆ ಕಾಣದಷ್ಟು ತೆಳುವಾದ ಚೂರು ಮಾಡಿಕೊಳ್ಳುತ್ತೇವೆ. ಚೆನ್ನಾಗಿ ತಣ್ಣಗಾದರೆ ಅದರಲ್ಲಿ ವಿದ್ಯುತ್ತು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದೆ. ಸೂಪರ್‌ಕಂಡಕ್ಟರ್ ಎನ್ನುವುದು ಇದಕ್ಕೇ. ಆಮೇಲೆ ಸೂಜಿಮೊನೆಯಿಂದ ವೋಲ್ಟೇಜ್ ಕೊಟ್ಟು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಆ ಗುಣವನ್ನು ದೀಪದಂತೆ ಆರಿಸಬೇಕು, ಪಕ್ಕದ ಜಾಗಕ್ಕೆ ಗೊತ್ತೇ ಆಗಬಾರದು. "ಅಷ್ಟು ಕಷ್ಟಪಟ್ಟು ಹರಿಸೋದ್ಯಾಕೆ, ಮತ್ತೆ ನಿಲ್ಸೋದ್ಯಾಕೆ?" ಎಂದಳು ಹೆಂಡತಿ. ಬೇಕಾದ ಕಡೆ ಆರಿಸಿ ಹೊತ್ತಿಸೋಕೆ ಬಂದ್ರೆ ಸ್ವಿಚ್ ಆಗುತ್ತೆ ಕಣೇ ಎಂದೆ. ಸ್ವಿಚ್ಚು ಅಂಗಡಿಯಲ್ಲೇ ಸಿಗುತ್ತದಂತೆ.

ಚುಕ್ಕೆ ಆರಿ ಹೊತ್ತಿದ್ದನ್ನು ತೋರಿಸುವ ಒಂದು ಒಳ್ಳೆಯ ಗ್ರಾಫ್ ತಿಂಗಳೊಳಗೆ ಬರದಿದ್ದರೆ ಶೆಡ್ಡಿಗೆ ಬೀಗ, ನಾವೆಲ್ಲ ಮನೆಗೆ ಎಂದಿದ್ದರು ಬಾಸ್. ಪಕ್ಕದಲ್ಲಿ ಧಡ್ ಎಂದಾಗಲೆಲ್ಲ ನಮ್ಮ ಸೂಜಿ ನಡುಗಿ ಗ್ರಾಫು ಗರಗಸದಂತಾಗುತ್ತಿತ್ತು. ಜಗಳಕ್ಕೆಂದೇ ಹೋದೆ. ಪ್ರೆಸ್ ನಡೆಸುತ್ತಿದ್ದವನು ಬಾಗಲಕೋಟೆ ಕಡೆಯ ಮಲ್ಲಪ್ಪ. ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದ. "ನಿಮ್ಮ ಸೂಜಿ ನಡಗ್ತೈತಂತ ನಾ ಮಷಿನ್ ನಿಂದರ್ಸಿದ್ರ, ಮಾಲಕ ನನ್ನ ಊರಿಗೆ ಕಳಸ್ತಾನ್ರಿ ಸರ," ಎಂದು ನಕ್ಕು ಚಹಾ ತರಿಸಿದ. ಚಹಾ ಕುಡಿದ ಮೇಲೆ ಜಗಳ ಆಡುವುದು ಹೇಗೆ? ವಾಪಸ್ ಬಂದೆ.

ಆ ಶುಕ್ರವಾರ ಮಧ್ಯಾಹ್ನ ಪ್ರೆಸ್ಸು ಇದ್ದಕ್ಕಿದ್ದಂತೆ ನಿಂತಿತು. "ಸಾರ್, ಈಗ್ಲೇ ಮಾಡ್ಬಿಡೋಣ," ಎಂದಳು ಸಹೋದ್ಯೋಗಿ ರೇವತಿ. ಚೂರು ಆಗಲೇ ತಣ್ಣಗಿತ್ತು. ಸೂಜಿ ಅಲುಗಲಿಲ್ಲ. ಚುಕ್ಕೆ ಆರಿತು, ಸುತ್ತಲಿನದು ಆರಲಿಲ್ಲ. ವೋಲ್ಟೇಜ್ ತೆಗೆದರೆ ಚುಕ್ಕೆ ಮತ್ತೆ ಹೊತ್ತಿತು. ಇನ್ನೊಂದು ಗಂಟೆ ಆ ಪ್ರೆಸ್ಸು ಶುರುವಾಗದಿರಲಿ ದೇವರೇ ಎಂದು ಬೇಡಿಕೊಂಡೆ. ಅವತ್ತಿಡೀ ಶುರುವಾಗಲಿಲ್ಲ. ಖುಷಿಗೆ ಲಡ್ಡು ತರಿಸಿ ತಿಂದೆವು.

ಸಂಜೆ ಹೊರಗೆ ಬಂದರೆ ಪಕ್ಕದ ಮಾಲೀಕ ಪೈಪಿನಿಂದ ನೆಲಕ್ಕೆ ನೀರು ಬಿಡುತ್ತಿದ್ದ. ಮಧ್ಯಾಹ್ನ ಮಲ್ಲಪ್ಪನ ಬಲಗೈ ಪ್ರೆಸ್ಸಿನಡಿ ಸಿಕ್ಕಿ ಬೆರಳುಗಳು ಹೋಗಿದ್ದವಂತೆ. ಕೈಯಲ್ಲಿದ್ದ ಲಡ್ಡಿನ ಡಬ್ಬಿಯನ್ನು ಚೀಲದೊಳಗೆ ತುರುಕಿದೆ.

ಆ ಗ್ರಾಫಿನಿಂದ ನಮ್ಮ ಕೆಲಸವೇನೋ ಉಳಿಯಿತು. ಸೇಬು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಎಡಗೈಯಲ್ಲಿ ಇಸಿದುಕೊಂಡು ಮಲ್ಲಪ್ಪ ಕೇಳಿದ, "ಅವತ್ತ ಮಷಿನ್ ನಿಂತಿತ್ತಲ್ರಿ ಸರ, ನಿಮ್ಮ ಕೆಲಸ ಆತೇನ್ರಿ?"

"ಇಲ್ಲಪ್ಪ, ಆಗ್ಲಿಲ್ಲ," ಎಂದುಬಿಟ್ಟೆ.

"ಚಿಂತಿ ಮಾಡಬ್ಯಾಡ್ರಿ, ಆಗ್ತೈತಿ," ಎಂದು ಅದೇ ಎಡಗೈಯಿಂದ ನನ್ನ ಭುಜ ತಟ್ಟಿದ. ನಾನೂ ಮುಖ ಸಪ್ಪೆ ಮಾಡಿಕೊಂಡು ತಟ್ಟಿಸಿಕೊಂಡೆ.