ಮಲ್ಲಣ್ಣನ ಕುದುರೆಯ ಹಿಂದಿನ ತೂತು

ಹುಮನಾಬಾದಿನ ಹೆದ್ದಾರಿಯ ಮಗ್ಗುಲಿಗೆ ಹಳೆಯ ಲಾರಿಗಳನ್ನು ಕೊಂಡು, ಬಣ್ಣ ಬಳಿಸಿ ಮಾರುವ ಶ್ರೀ ಪ್ರೇಮಕುಮಾರ ಸೇಠರ ಸನ್ನಿಧಿಗೆ, ಬಸವಕಲ್ಯಾಣದ ಕಡೆಯ ಹಳ್ಳಿಯಿಂದ ಕೇಶರಬಾಯಿ ಗಂಡ ಮಾಣಿಕಪ್ಪ ಎಂಬ ಹೆಣ್ಣುಮಗಳು ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈ ಜೋಡಿಸಿ ಬರೆಯುವ ಬಹಿರಂಗ ಪತ್ರ.

ಮಾನ್ಯರೇ,

ತಮ್ಮ ಅಂಗಡಿಯ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಎಂದೂ ಬಾಡದಿರಲಿ, ತಮ್ಮ ಮನೆಯ ಕಬ್ಬಿಣದ ಸಾಮಾನುಗಳೆಲ್ಲ ಸದಾ ಥಳಥಳಿಸುತ್ತಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಈ ಪತ್ರವನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸದೆ ನಾಲ್ಕು ಮಂದಿ ಓದುವ ಹಾಗೆ ಬರೆಯಲು ಕಾರಣವೇನೆಂದರೆ, ತಮ್ಮ ದೈವಭಕ್ತಿಯಂಥ ದೊಡ್ಡ ಸಂಗತಿಯನ್ನು ನಾವಷ್ಟೇ ತಿಳಿದುಕೊಂಡು ಸುಮ್ಮನೆ ಕುಳಿತರೆ ಪಾಪ ಸುತ್ತಿಕೊಂಡೀತು ಎಂಬ ಅಂಜಿಕೆ.

ತಮಗೆ ದಿನಕ್ಕೆ ಹತ್ತು ಮಂದಿ ಗಿರಾಕಿಗಳು, ನಮ್ಮ ನೆನಪು ಇರಲಿಕ್ಕಿಲ್ಲ. ನಮ್ಮ ಮಗ ನಾಗನಾಥ ಬಹಳ ವರ್ಷ ಬೇರೆಯವರ ಲಾರಿ ಹೊಡೆದವನು. ಹೈದರಾಬಾದಿನಿಂದ ಪುಣೆಗೆ, ಪುಣೆಯಿಂದ ಮತ್ತೆಲ್ಲಿಗೋ ಹೋಗಿ, ಹಬ್ಬ ಮುಗಿದ ಮೇಲೆ ಮನೆಗೆ ಬಂದು ತಣ್ಣಗಾದ ಹೋಳಿಗೆ ತಿನ್ನುತ್ತಿದ್ದವನು. ಮದುವೆಯಾಗಿ ಹುಲಸೂರಿನ ಸಪ್ನಾ ನಮ್ಮ ಮನೆ ತುಂಬಿದ ಮೇಲೂ ಅದೇ ನಡೆಯಿತು. ಆಗ ನಾವು ಅರ್ಧ ಕುರಿಹಿಂಡು ಮಾರಿ, ನಮ್ಮದೇ ಒಂದು ಗಾಡಿ ಇದ್ದರೆ ಹುಡುಗ ಸುತ್ತಲಿನ ಕಬ್ಬನ್ನು ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಸಾಗಿಸಿ, ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಬಿಸಿ ರೊಟ್ಟಿ ಮುರಿಯುತ್ತಾನೆ ಎಂದುಕೊಂಡು ತಮ್ಮ ಅಂಗಳಕ್ಕೆ ಬಂದೆವು. ನಮಗೆ ಬೇಕಾಗಿದ್ದುದು ಇಷ್ಟೇ, ಮಗನ ರಾತ್ರಿಯ ಊಟ ಮನೆಯಲ್ಲಾಗಬೇಕು.

ಅಂಗಳದಲ್ಲಿ ನಾಲ್ಕಾರು ಲಾರಿಗಳಿದ್ದವು, ಆದರೆ ಒಂದರ ಮುಂದೆ ಮಾತ್ರ ಊದಿನಕಡ್ಡಿ ಉರಿಯುತ್ತಿತ್ತು. ಎಡಬಾಗಿಲಿನ ಮೇಲೆ ಬಿಳಿಯ ಕುದುರೆ ಏರಿದ ಮೈಲಾರದ ಮಲ್ಲಣ್ಣ, ಬಲಬಾಗಿಲಿನ ಮೇಲೆ ತುಳಜಾಪುರದ ಅಂಬಾಭವಾನಿ, ಹಿಂಬಾಗಿಲಿನ ಮೇಲೆ ಇಟ್ಟಿಗೆಯ ಮೇಲೆ ನಿಂತ ವಿಠೋಬಾ, ಪಕ್ಕದ ಮೂಲೆಯಲ್ಲಿ ದರ್ಗಾದ ಹಸಿರು ಗುಮ್ಮಟ. ಒಬ್ಬೊಬ್ಬರ ಸುತ್ತಲೂ ಕೆಂಪು ಹೂವಿನ ಬಳ್ಳಿಯ ಅಂಚು. ಮಲ್ಲಣ್ಣ ನಮ್ಮ ಮನೆದೇವರು. ಹಳೆಯ ಗಾಡಿ ಕೊಳ್ಳುವವರು ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿ ಸಪ್ಪಳ ಕೇಳುತ್ತಾರೆಂಬುದು ನಮ್ಮ ಮನೆಯವರಿಗೂ ಗೊತ್ತಿತ್ತು, ಬೆರಳು ಮಡಚಿಕೊಂಡೇ ಹತ್ತಿರ ಹೋಗಿದ್ದರು. ಆದರೆ ಮನೆದೇವರ ಹೊಟ್ಟೆಯನ್ನು ತಟ್ಟಿ ನೋಡುವ ಭಕ್ತ ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಮಡಚಿದ ಬೆರಳು ಬಿಚ್ಚಿಕೊಂಡು ಕೈಗಳು ತಾವಾಗಿಯೇ ಜೋಡಿಕೊಂಡವು. ಅಷ್ಟರಲ್ಲಿ ತಾವು ಒಳಗಿನಿಂದ "ಚಪ್ಪಲ್ ಅಲ್ಲೇ ಬಿಟ್ಟು ಬರ್ರಿ ಮಾಲಕರ, ದೇವ್ರ ಗಾಡಿ ಅದ" ಎಂದಿರಿ. ಬರಿಗಾಲಿನಲ್ಲಿ ನಿಂತವರು ಗಾಡಿಯ ಕೆಳಗೆ ನುಸುಳಿ ನೋಡುವುದೆಲ್ಲಿಂದ ಬಂತು?

ಗಾಡಿ ಮನೆಗೆ ಬಂದಿತು. ಅಮಾವಾಸ್ಯೆಯ ಪೂಜೆಗೆಂದು ನಮ್ಮ ಮನೆಯವರು ಅದಕ್ಕೆ ಕೊಡದಿಂದ ನೀರು ಸುರಿದಾಗ ಮಲ್ಲಣ್ಣನ ಕುದುರೆಯ ಹಿಂಗಾಲೊಂದು ಇಡಿಯಾಗಿ ಕಳಚಿ ಅಂಗಳದಲ್ಲಿ ಬಿದ್ದಿತು. "ಮನೀದೇವ್ರು ಎಲ್ಲಿಗೋ ಹೊಂಟಾನ, ನಮಗೇನೋ ಹೇಳಾಕತ್ತಾನ" ಎಂದು ಅವರು ಬಿದ್ದ ಕಾಲಿಗೆ ಭಂಡಾರ ಹಚ್ಚಿ ಕೈ ಮುಗಿದರು. ನಾನೂ ಮುಗಿದೆ. ಮುಗಿದು ತಲೆ ಎತ್ತಿ ನೋಡಿದರೆ ಕಾಲು ಇದ್ದ ಜಾಗದಲ್ಲಿ ಒಂದು ತೂತು, ತೂತಿನಾಚೆ ಗಾಡಿಯ ಸೀಟು, ಸೀಟಿನಾಚೆ ಇನ್ನೊಂದು ಬಾಗಿಲಿನಲ್ಲಿ ಅಂಬಾಭವಾನಿಯ ಸಿಂಹದ ಬಾಯಿಂದ ಬರುವ ಬೆಳಕು ಕಾಣುತ್ತಿತ್ತು. ಹಿಂದೆ ಹೋದರೆ ವಿಠೋಬಾನ ಕಾಲಡಿಯ ಇಟ್ಟಿಗೆ ಉದುರಿತ್ತು. ಎಷ್ಟೋ ಕಾಲದಿಂದ ಆ ಇಟ್ಟಿಗೆಯ ಮೇಲೆ ಅಲುಗಾಡದೆ ನಿಂತ ದೇವರನ್ನು ಒಂದು ಕೊಡ ನೀರಿನಲ್ಲಿ ಗಾಳಿಯ ಮೇಲೆ ನಿಲ್ಲಿಸಿದ ಕೀರ್ತಿ ತಮಗೇ ಸಲ್ಲಬೇಕು.

ಆಗ ನಮಗೆ ತಮ್ಮ ಭಕ್ತಿಯ ರೀತಿ ತಿಳಿಯಿತು. ದೇವರು ಎಲ್ಲ ಕಡೆಯೂ ಇದ್ದಾನೆ ಎಂದು ನಾನು ಚಿಕ್ಕಂದಿನಿಂದ ಕೇಳಿದ್ದೆ. ತಮ್ಮ ಗಾಡಿಯಲ್ಲಿ ಮಾತ್ರ ಅವನು ತುಕ್ಕು ಇದ್ದಲ್ಲಿ ಇದ್ದ, ತಗಡು ಗಟ್ಟಿ ಇದ್ದಲ್ಲಿ ಇರಲಿಲ್ಲ. ಗಟ್ಟಿ ತಗಡಿಗೆ ಕಾವಲು ಬೇಕಿಲ್ಲವಲ್ಲ. ತೂತಿಗೆ ತಂತಿಯ ಜಾಳಿಗೆ ಹಾಸಿ, ಕಾಗದ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ದೇವರನ್ನು ಕೂರಿಸಿದ್ದಿರಿ. ಕಾಗದ ಮರಾಠಿ ಪೇಪರಿನದು. ಗಡಿಯ ಕಡೆಯವಳಾದ ಸಪ್ನಾ ಬಿಡಿಸಿ ಓದಿದಳು. ವೃಷಭ ರಾಶಿಯವರಿಗೆ ವಾಹನ ಯೋಗವಿದೆ, ಆದರೆ ಸಿಹಿಮಾತಿಗೆ ಮರುಳಾಗಬಾರದು ಎಂದಿತ್ತಂತೆ. ನಮ್ಮ ಮನೆಯವರದು ವೃಷಭವೇ. ಇಷ್ಟು ಸ್ಪಷ್ಟವಾದ ಎಚ್ಚರಿಕೆಯನ್ನು ತಾವು ಗಾಡಿಯೊಳಗೇ ಇಟ್ಟು ಮಾರಿದ್ದಿರಿ, ಒಡೆದು ಓದಿಕೊಳ್ಳದೆ ಹೋದವರು ನಾವು.

ಕುದುರೆಯ ಕಾಲನ್ನು ಟವೆಲಿನಲ್ಲಿ ಸುತ್ತಿಕೊಂಡು ನಾವು ನಾಲ್ವರೂ ತಮ್ಮಲ್ಲಿಗೆ ಬಂದದ್ದಾದರೂ ನೆನಪಿರಬೇಕು. ತಾವು ಆ ಕಾಲನ್ನು ಮುಟ್ಟಲಿಲ್ಲ. "ಇಷ್ಟು ದೇವ್ರ ಇದ್ದ ಗಾಡೀಗಿ ಜಂಗ ಹತ್ತಬೇಕಂದ್ರ ಮನ್ಯಾಗ ಯಾರದೋ ಮೈಲಿಗಿ ಆಗೇದ, ನೋಡ್ಕೋರಿ ಬಾಯೀ" ಎಂದು ತುಕ್ಕಿನ ಕಾರಣ ನನಗೆ ಹೇಳಿದಿರಿ, ಕಣ್ಣು ಮಾತ್ರ ಸಪ್ನಾಳ ಮೇಲೆ ಇಟ್ಟಿರಿ. ನಾನು ಅಂದು ಬಾಯಿ ತೆರೆಯಲಿಲ್ಲ. ಅಂದಿನಿಂದ ಸಪ್ನಾ ಗಂಡನ ಬುತ್ತಿಯನ್ನು ಗಾಡಿಯ ತನಕ ಒಯ್ಯುವುದು ಬಿಟ್ಟಳು. ಕಟ್ಟೆಯ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದಳು. ನಾನು ಬೈದೆ, ತಿಳಿಸಿ ಹೇಳಿದೆ. "ಇರ್ಲಿ ಬಿಡ್ರಿ ಅತ್ತಿ, ಯಾಕ ಬೇಕು" ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ತಮ್ಮ ಆ ಮಾತನ್ನು ನಾನು ಬಹಳ ಮನಸ್ಸಿಟ್ಟು ಯೋಚಿಸಿದ್ದೇನೆ. ಕಬ್ಬಿಣಕ್ಕೆ ನೀರಿನಿಂದ ತುಕ್ಕು ಬರುತ್ತದೆಂದು ನಮ್ಮ ಹಳ್ಳಿಯ ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಪಾಪ, ಅವರಿಗೂ ತಿಳಿದಿರಲಿಲ್ಲ. ಅದು ಹೆಂಗಸರಿಂದ ಬರುತ್ತದೆಂಬುದನ್ನು ಕಂಡುಹಿಡಿದ ತಾವು ಇದನ್ನು ಹುಮನಾಬಾದಿನಲ್ಲೇ ಇಟ್ಟುಕೊಳ್ಳದೆ ರೈಲು ಓಡಿಸುವವರಿಗೂ ಸೇತುವೆ ಕಟ್ಟುವವರಿಗೂ ಕೂಡಲೇ ತಿಳಿಸಬೇಕೆಂದು ವಿನಂತಿ. ನಾಳೆಯಿಂದಲೇ ಹೆಂಗಸರನ್ನು ರೈಲಿನಿಂದ ಇಳಿಸಿದರೆ ಹಳಿಗಳು ಇನ್ನೂ ನೂರು ವರ್ಷ ಬಾಳಿಕೆ ಬಂದಾವು. ಒಂದು ಸಣ್ಣ ಸಂಶಯ ಮಾತ್ರ ಉಳಿದಿದೆ. ಸಪ್ನಾ ದಿನಾಲೂ ಹಿಡಿಯುವ ರೊಟ್ಟಿಯ ಹಂಚು, ಕುಡುಗೋಲು, ಈಳಿಗೆ ಮೂರೂ ಕಬ್ಬಿಣದವೇ. ಮೂರೂ ಕನ್ನಡಿಯ ಹಾಗಿವೆ. ಇವು ಯಾಕೆ ತಮ್ಮ ಮಾತು ಕೇಳುತ್ತಿಲ್ಲ ಎಂಬುದನ್ನು ತಾವೇ ಬಂದು ಅವುಗಳಿಗೆ ತಿಳಿಸಿ ಹೇಳಬೇಕು.

ಗಾಡಿಯ ನೆಲದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾಲಿಡುವ ಜಾಗದಲ್ಲಿ ದೇವರನ್ನು ಬರೆಸಬಾರದೆಂಬ ಸಂಸ್ಕಾರ ತಮಗಿದೆ, ಆದ್ದರಿಂದ ಅಲ್ಲಿ ಹಸಿರು ಚಾಪೆ ಹಾಸಿದ್ದಿರಿ. ಹುಲಸೂರ ರಸ್ತೆಯಲ್ಲಿ ಎದುರಿಗೆ ಕುರಿಹಿಂಡು ಬಂತೆಂದು ನಾಗನಾಥ ಬ್ರೇಕ್ ಒತ್ತಿದಾಗ ಅವನ ಕಾಲು ಚಾಪೆಯನ್ನೂ ನೆಲವನ್ನೂ ದಾಟಿ ಡಾಂಬರಿನತ್ತ ಜೋತುಬಿತ್ತು. ಕೈಬ್ರೇಕ್ ಎಳೆದು ನಿಲ್ಲಿಸಿದ. ತಗಡಿನ ಅಂಚಿಗೆ ಕಾಲಿನ ಚರ್ಮ ಸುಲಿಯಿತು, ಕುರಿಗಳು ಉಳಿದವು. ಲಾರಿಯಲ್ಲಿ ಕುಳಿತೇ ರಸ್ತೆಯ ಮೇಲೆ ನಡೆಯಬಹುದಾದ ಇಂಥ ಅನುಕೂಲವನ್ನು ತಾವು ಬೆಲೆಯಲ್ಲಿ ಸೇರಿಸದೆ ಕೊಟ್ಟದ್ದು ತಮ್ಮ ದೊಡ್ಡಸ್ತಿಕೆ.

ಗಾಡಿಯನ್ನು ಹುಮನಾಬಾದಿನ ವೆಲ್ಡಿಂಗ್ ಮಾಡುವ ಮಹೆಬೂಬನಲ್ಲಿಗೆ ಒಯ್ದೆವು. ನೆಲವನ್ನು ಅವನು ಒಂದೇ ದಿನದಲ್ಲಿ ಕೊಯ್ದು ಹೊಸ ತಗಡು ಕೂಡಿಸಿದ. ಬಾಗಿಲಿನ ಹತ್ತಿರ ಬಂದವನು ಗ್ರೈಂಡರನ್ನು ಕೆಳಗಿಟ್ಟು ಕುಳಿತುಬಿಟ್ಟ. "ಜಂಗ ಹಿಡಿದ ತಗಡಿನ ಪತ್ರಾಕ್ಕ ವೆಲ್ಡಿಂಗ್ ಕಚ್ಚಂಗಿಲ್ರಿ ಅಕ್ಕಾ, ಹಪ್ಪಳ ಸುಟ್ಟಂಗ ಸುಟ್ಟು ಹೋಗ್ತದ. ಮದಲ ಉಜ್ಜಬೇಕು, ಗಟ್ಟಿ ಪತ್ರಾ ಎಲ್ಲಿಂದ ಶುರು ಆಗ್ತದ ನೋಡ್ಬೇಕು, ಆಮ್ಯಾಗ ಕೊಯ್ಯಬೇಕು. ಹ್ಯಾಂಗ ಉಜ್ಜಲಿ? ದೇವ್ರ ಮಾರಿ ಮ್ಯಾಲ ಗ್ರೈಂಡರ್ ಇಡು ಅನಬ್ಯಾಡ್ರಿ, ನನ್ನ ಕೈ ಏಳಂಗಿಲ್ಲ" ಎಂದ. ಗುಮ್ಮಟದ ಕಡೆಯಿಂದ ಶುರು ಮಾಡು ಎಂದರೆ ಅದಕ್ಕೂ ಎರಡೂ ಕಿವಿ ಹಿಡಿದುಕೊಂಡ. ಬೇರೆ ವೆಲ್ಡರುಗಳನ್ನು ಕೇಳಿದೆವು. ಯಾವ ಜಾತಿಯವನೇ ಇರಲಿ, ಯಾವ ದೇವರ ಮೇಲೂ ಕೈ ಎತ್ತಲಿಲ್ಲ. ಬೀಗ ಹಾಕದೆ, ನಾಯಿ ಕಟ್ಟದೆ, ಯಾರೂ ತೆಗೆಯದ ಹಾಗೆ ಒಂದು ತೂತನ್ನು ಕಾಯುವ ಉಪಾಯ ತಮ್ಮ ಹೊರತು ಮತ್ತಾರಿಗೆ ಹೊಳೆದೀತು?

ಗಾಡಿ ಮಹೆಬೂಬನ ಬೇವಿನ ಗಿಡದಡಿ ನಿಂತಿತು. ಕಬ್ಬು ಕಡಿಯುವ ಗುಂಪಿನ ಮುಖಂಡ ಬಕ್ಕಪ್ಪ ಬಂದು, "ಕೇಶರಕ್ಕಾ, ಕಡದ ಕಬ್ಬು ನಿಮ್ಮ ದೇವ್ರ ಪಂಚಾಯ್ತಿ ಮುಗಿಯೋತನ ಕಾಯಂಗಿಲ್ಲ ನೋಡವಾ, ಐತವಾರದೊಳಗ ಗಾಡಿ ಬರಲಿಲ್ಲಂದ್ರ ನಾ ಬ್ಯಾರೆ ನೋಡ್ಕೋತೀನಿ" ಎಂದು ಎದ್ದು ಹೋದ. ಮರುದಿನ ನಾಗನಾಥ ತನ್ನ ಹಳೆಯ ಕೈಚೀಲದ ಧೂಳು ಝಾಡಿಸುತ್ತಿದ್ದ. ಪುಣೆಯ ಲಾರಿಯ ಮಾಲಕನಿಗೆ ಫೋನು ಮಾಡಿದ್ದನಂತೆ. ಸಪ್ನಾ ಅವನ ಅಂಗಿಗಳನ್ನು ಮಡಚಿ ಕೊಡುತ್ತಿದ್ದಳು. ಆ ಚೀಲವನ್ನು ಕಂಡ ಮೇಲೆ ನನಗೆ ಕೂರಲು ಆಗಲಿಲ್ಲ, ಬಸ್ಸು ಹತ್ತಿ ಒಬ್ಬಳೇ ಹುಮನಾಬಾದಿಗೆ ಹೋದೆ.

ಗಾಡಿಯ ಮುಂದೆ ನಿಂತು ಮಲ್ಲಣ್ಣನನ್ನೇ ನೋಡಿದೆ. ನನಗೆ ವೆಲ್ಡಿಂಗ್ ಗೊತ್ತಿಲ್ಲ, ಕೌದಿ ಹೊಲಿಯುವುದು ಗೊತ್ತು. ಸವೆದ ಅರಿವೆಯ ಮೇಲೆ ಸೂಜಿ ಹಾಕಿದರೆ ಹರಿಯುತ್ತದೆ. ಗಟ್ಟಿ ಅರಿವೆ ಸಿಗುವ ತನಕ ಕತ್ತರಿಸಿ, ಅಲ್ಲಿಂದ ತ್ಯಾಪೆ ಹಾಕಬೇಕು. ಗಟ್ಟಿ ತಗಡು ಎಲ್ಲಿಂದ ಶುರುವಾಗುತ್ತದೆಂದು ಹುಡುಕಲು ದೇವರನ್ನು ಯಾಕೆ ಉಜ್ಜಬೇಕು? ತಾವೇ ಗೆರೆ ಎಳೆದು ಕೊಟ್ಟಿದ್ದಿರಲ್ಲ, ಕೆಂಪು ಹೂವಿನ ಬಳ್ಳಿಯ ಅಂಚು! ಮಹೆಬೂಬ ಅಂಚಿನ ಹೊರಗೆ ಸುತ್ತಲೂ ಬೆರಳಿನಿಂದ ತಟ್ಟುತ್ತಾ ಹೋದ, ಎಲ್ಲಾ ಕಡೆ ಗಟ್ಟಿ ಸಪ್ಪಳ. "ಯಾ ಅಲ್ಲಾ, ಸೇಠ್ ಜಂಗಿಗೇ ಚೌಕಟ್ಟು ಹಾಕ್ಸ್ಯಾನ್ರಿ ಅಕ್ಕಾ" ಎಂದು ನಕ್ಕ. ತಮ್ಮ ಅಳತೆಯನ್ನು ಅವನು ಬಹಳ ಮೆಚ್ಚಿಕೊಂಡಿದ್ದಾನೆ, ತಿಳಿಸಲು ಹೇಳಿದ್ದಾನೆ.

ಮರುದಿನ ನಮ್ಮ ಮನೆಯವರು ಕರ್ಪೂರ ಹಚ್ಚಿದರು, ಮಹೆಬೂಬ ಚಪ್ಪಲಿ ಕಳಚಿಟ್ಟು ಬಳ್ಳಿಯ ಹೊರಗಿನಿಂದ ಕೊಯ್ದ. ದೇವರ ಮೈಗೆ ಒಂದು ಕಿಡಿ ಹಾರದ ಹಾಗೆ ಒದ್ದೆ ಗೋಣಿ ಹಿಡಿದು ನಿಂತವಳು ನಾನು. ನಾಲ್ಕೂ ಚೌಕಟ್ಟುಗಳು ಇಡಿಯಾಗಿ ಕೈಗೆ ಬಂದವು. ಗುಮ್ಮಟದ ತಗಡನ್ನು ಸುತ್ತಿಡಲು ಮಹೆಬೂಬನ ತಾಯಿ ವಜೀರಬಿ ಹಸಿರು ಬಟ್ಟೆ ಕೊಟ್ಟಳು. ಖಾಲಿ ಜಾಗಗಳಿಗೆ ಹೊಸ ತಗಡು ಕೂಡಿಸಿ, ಸುತ್ತಲೂ ವೆಲ್ಡಿಂಗ್ ಎಳೆದು, ನಯವಾಗಿ ಉಜ್ಜಿ ಕೆಂಪು ಬಣ್ಣ ಹೊಡೆದರು. ಈಗ ಗಾಡಿಯ ಮೇಲೆ ದೇವರಿಲ್ಲ, ತಗಡಿದೆ. ನಮ್ಮ ಮನೆಯವರು ಹೋಗುತ್ತಾ ಬರುತ್ತಾ ಅದನ್ನು ಬೆರಳಿನಿಂದ ತಟ್ಟಿ ಸಪ್ಪಳ ಕೇಳುತ್ತಿರುತ್ತಾರೆ. ನಾಗನಾಥನ ಕೈಚೀಲ ಮತ್ತೆ ಅಟ್ಟದ ಮೇಲಿದೆ. ಬಕ್ಕಪ್ಪನ ಗುಂಪಿನ ಕಬ್ಬು ಹೋಗುತ್ತಿದೆ, ಮಗ ರಾತ್ರಿ ಮನೆಯಲ್ಲಿ ಉಣ್ಣುತ್ತಿದ್ದಾನೆ. ಸಪ್ನಾ ಮಾತ್ರ ಇನ್ನೂ ಬುತ್ತಿಯನ್ನು ಕಟ್ಟೆಯ ಮೇಲೆಯೇ ಇಡುತ್ತಾಳೆ. ತುಕ್ಕನ್ನು ಮಹೆಬೂಬ ಕೊಯ್ದು ತೆಗೆದ. ಆಡಿದ ಮಾತನ್ನು ತೆಗೆಯುವ ಗ್ರೈಂಡರು ಅವನಲ್ಲಿಲ್ಲ.

ಉಳಿದದ್ದು ದೇವರುಗಳ ವ್ಯವಸ್ಥೆ. ಗುಜರಿಗೆ ಹಾಕುವ ಹಾಗಿಲ್ಲ, ಹೊಳೆಗೆ ಬಿಟ್ಟರೆ ಎಮ್ಮೆಗಳ ಕಾಲಿಗೆ ತಗಡು ಹತ್ತುತ್ತದೆ. ಗುಡಿಯ ಪೂಜಾರಿಗಳನ್ನು ಕೇಳಿದರೆ, "ಪ್ರತಿಷ್ಠಾಪನಾ ಮಾಡಿದವ್ರೇ ಪೂಜಾ ನಡಸಬೇಕವ್ವಾ, ಅವ್ರ ಬಾಗಲಿಗೇ ಮುಟ್ಟಸ್ರಿ" ಎಂದರು. ಗುಮ್ಮಟದ ವಿಷಯದಲ್ಲಿ ವಜೀರಬಿಯೂ ಅದನ್ನೇ ಹೇಳಿದಳು. ಆದ್ದರಿಂದ ಬರುವ ಸೋಮವಾರ ಮುಂಜಾನೆ ನಮ್ಮೂರ ಯಶೋದಾಬಾಯಿಯ ಭಜನೆಯ ಮೇಳದೊಂದಿಗೆ, ಹಲಗೆ ಬಾರಿಸಿಕೊಂಡು, ಅದೇ ಗಾಡಿಯಲ್ಲಿ ನಾಲ್ಕೂ ಚೌಕಟ್ಟುಗಳನ್ನು ತಮ್ಮ ಅಂಗಳಕ್ಕೆ ತರುತ್ತಿದ್ದೇವೆ. ತಾವು ಅಂಗಳದ ನಟ್ಟನಡುವೆ ಕಟ್ಟೆ ಕಟ್ಟಿಸಿ, ಹೆದ್ದಾರಿಯಲ್ಲಿ ಹೋಗುವವರಿಗೂ ಕಾಣುವ ಹಾಗೆ ಅವುಗಳನ್ನು ನಿಲ್ಲಿಸಿಕೊಡಬೇಕು. ಗೋಡೆಗೆ ಮಾತ್ರ ಒರಗಿಸಕೂಡದು. ಗಾಡಿ ಕೊಳ್ಳಲು ಬಂದ ಪ್ರತಿಯೊಬ್ಬರೂ ಚಪ್ಪಲಿ ಬಿಟ್ಟು, ಮೊದಲು ದೇವರ ಮುಂದೆ ಕೈ ಮುಗಿದು, ಆಮೇಲೆ ಸುತ್ತಲೂ ಐದು ಪ್ರದಕ್ಷಿಣೆ ಹಾಕುವ ಪದ್ಧತಿಯನ್ನು ತಾವು ನಡೆಸಿಕೊಂಡು ಬರಬೇಕು. ಪ್ರದಕ್ಷಿಣೆ ಹಾಕುವವರಿಗೆ ದೇವರ ಹಿಂಭಾಗವೂ ಕಾಣುತ್ತದೆ. ಅಲ್ಲಿನ ತೂತು, ಜಾಳಿಗೆ, ಪುಟ್ಟಿ, ಮರಾಠಿ ಪೇಪರು ಎಲ್ಲವನ್ನೂ ತಾವು ಪ್ರತಿಷ್ಠಾಪಿಸಿದ ಹಾಗೆಯೇ ಉಳಿಸಿಕೊಂಡಿದ್ದೇವೆ, ಒಂದು ಚೂರನ್ನೂ ಒರೆಸಿಲ್ಲ. ಪೂಜೆ ತಪ್ಪದೆ ನಡೆಯುತ್ತಿದೆಯೇ ಎಂದು ನೋಡಲು ನಮ್ಮ ಮೇಳ ಪ್ರತಿ ಸೋಮವಾರ ಬರುತ್ತದೆ. ಹೆಂಗಸರಾದ ನಮಗೆ ಬಸ್ಸಿನಲ್ಲಿ ಟಿಕೆಟಿಲ್ಲ, ತಾವು ಅದರ ಚಿಂತೆ ಮಾಡಬಾರದು.

ದೇವರ ಮೇಲೆ ಯಾವಾಗಲೂ, ತಮ್ಮ ಮೇಲೆ ಒಂದು ಸಲ ವಿಶ್ವಾಸ ಇಟ್ಟಿದ್ದ,
ತಮ್ಮ ವಿಶ್ವಾಸಿ,
ಕೇಶರಬಾಯಿ

ತಾ. ಕ.: ಮೊದಲು ಬಿದ್ದ ಕುದುರೆಯ ಕಾಲನ್ನೂ ಟವೆಲಿನಲ್ಲಿ ಕಟ್ಟಿಟ್ಟಿದ್ದೇನೆ, ಈ ಸಲವಾದರೂ ಮುಟ್ಟಿ ತೆಗೆದುಕೊಳ್ಳಬೇಕು. ಸೋಮವಾರ ತಮ್ಮ ಅಂಗಳದಲ್ಲಿ ಮೊದಲ ಆರತಿಯನ್ನು ನಮ್ಮ ಸೊಸೆ ಸಪ್ನಾ ಬೆಳಗುತ್ತಾಳೆ. "ನಾನೇನ್ರಿ ಅತ್ತಿ?" ಎಂದು ಎರಡು ಸಲ ಕೇಳಿದಳು, ಹೌದು ನೀನೇ ಎಂದಿದ್ದೇನೆ, ನಿನ್ನೆಯಿಂದ ತಟ್ಟೆ ಉಜ್ಜುತ್ತಿದ್ದಾಳೆ. ಆರತಿ ಮುಗಿಯುವ ತನಕ ತಮಗೆ ತುಕ್ಕಿನ ಅಂಜಿಕೆ ಎನಿಸಿದರೆ ತಾವು ಗೇಟಿನ ಹೊರಗೆ, ಚಪ್ಪಲಿಗಳ ಹತ್ತಿರ ನಿಂತುಕೊಳ್ಳಬಹುದು.